ವೈನ್‌ಗ್ಲಾಸ್ ಬೇ: ಇಳಿಯುವ ಮೊದಲು ಹತ್ತುವುದನ್ನು ಲೆಕ್ಕ ಹಾಕಿ

ಪ್ರಶ್ನೆ: ಡಿಸೆಂಬರ್ ಕೊನೆಗೆ ಊರಿನಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಟಾಸ್ಮೇನಿಯಾದ ಫ್ರೇಸಿನೆ ರಾಷ್ಟ್ರೀಯ ಉದ್ಯಾನದ ವೈನ್‌ಗ್ಲಾಸ್ ಬೇ ತೋರಿಸುವ ಆಸೆ. ಅಪ್ಪ ದಿನವೂ ವಾಕಿಂಗ್ ಮಾಡುತ್ತಾರೆ, ಅಮ್ಮನಿಗೆ ಮಂಡಿನೋವು. ಮರಳಿನವರೆಗೂ ಹೋಗಬಹುದೇ?
– ಓದುಗರು, ಮೆಲ್ಬರ್ನ್

ಉತ್ತರ: ಅಪ್ಪ ಹೋಗಬಹುದು, ಅಮ್ಮ ಬೇಡ. ಕಾರ್ ಪಾರ್ಕಿಂಗ್‌ನಿಂದ ಕಡಲತೀರಕ್ಕೆ ಹೋಗಿ ಬರಲು 6 ಕಿ.ಮೀ.; ಎರಡೂವರೆಯಿಂದ ಮೂರು ಗಂಟೆ ಬೇಕು. ದೂರ ಹೆಚ್ಚಲ್ಲ, ಆದರೆ ಮಧ್ಯೆ ಗುಡ್ಡವಿದೆ. ಏಮಸ್ ಮತ್ತು ಮೇಸನ್ ಎಂಬ ಎರಡು ಬೆಟ್ಟಗಳ ನಡುವಿನ ತಗ್ಗಿನವರೆಗೆ ಹತ್ತಿ, ಅಷ್ಟೇ ಕಡಿದಾಗಿ ಆಚೆ ಬದಿಗೆ ಇಳಿಯಬೇಕು. ಮರಳಿನಲ್ಲಿ ಕೂತು ಕಾಲು ತಣ್ಣಗಾದ ಮೇಲೆ ಆ ಮೆಟ್ಟಿಲುಗಳನ್ನೆಲ್ಲ ಮತ್ತೆ ಹತ್ತಬೇಕು. ಬಹಳ ಮಂದಿ ಸೋಲುವುದು ಅಲ್ಲೇ. ಇಳಿಯುವಾಗ ಸುಲಭವೆನಿಸಿ ನೀರೆಲ್ಲ ಕುಡಿದು ಮುಗಿಸಿರುತ್ತಾರೆ, ವಾಪಸು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ.

ನಿರ್ಧಾರವನ್ನು ಮೇಲಿನ ವೀಕ್ಷಣಾ ಸ್ಥಳದಲ್ಲಿ ಮಾಡಿ. ಅಲ್ಲಿಗೆ ಹೋಗಿ ಬರಲು 2.6 ಕಿ.ಮೀ., ಒಂದರಿಂದ ಒಂದೂವರೆ ಗಂಟೆ. ಚಿತ್ರಗಳಲ್ಲಿ ಕಾಣುವ ಬಿಳಿ ಮರಳಿನ ಕಮಾನು ಪೂರ್ತಿಯಾಗಿ ಕಾಣುವುದು ಅಲ್ಲಿಂದಲೇ, ಕೆಳಗಿನಿಂದಲ್ಲ. ಅಷ್ಟರಲ್ಲೇ ಅಪ್ಪನಿಗೆ ಏದುಸಿರು ಬಂದಿದ್ದರೆ ಅಲ್ಲಿಂದಲೇ ಹಿಂತಿರುಗಿ, ಕಳೆದುಕೊಳ್ಳುವುದು ಏನೂ ಇಲ್ಲ.

ಅಮ್ಮನಿಗೆ ಅದೇ ಉದ್ಯಾನದ ಕೇಪ್ ಟೂರ್ವಿಲ್ ಹೇಳಿ ಮಾಡಿಸಿದ ಜಾಗ. ಲೈಟ್‌ಹೌಸ್ ಸುತ್ತ ಸುಮಾರು 600 ಮೀಟರಿನ ದಾರಿ. ಮೆಟ್ಟಿಲು ಹತ್ತುವ ಕಷ್ಟವಿಲ್ಲದೆ ಕಡಲಂಚಿನ ಬಂಡೆಗಳು ಕಾಣುತ್ತವೆ. ಕಾಲು ನೆನೆಸಲು ಹನಿಮೂನ್ ಬೇ ಇದೆ, ಅಲ್ಲಿ ಕಾರಿನಿಂದ ನೀರಿಗೆ ನಾಲ್ಕು ಹೆಜ್ಜೆ.

ಪ್ರಶ್ನೆ: ಹೋದ ದಾರಿಯಲ್ಲೇ ಹಿಂತಿರುಗದೆ ಸುತ್ತುಹಾಕಿ ಬರಬಹುದಂತೆ, ನಿಜವೇ?

ಉತ್ತರ: ನಿಜ. ವೈನ್‌ಗ್ಲಾಸ್ ಬೇ ತೀರದಿಂದ ಸಮತಟ್ಟಾದ ದಾರಿಯಲ್ಲಿ ಆಚೆಯ ಹ್ಯಾಜರ್ಡ್ಸ್ ಬೀಚಿಗೆ ದಾಟಿ, ಬೆಟ್ಟದ ಬುಡವನ್ನು ಬಳಸಿ ಕಾರಿನ ಬಳಿ ಬರಬಹುದು. ಒಟ್ಟು 11 ಕಿ.ಮೀ., ನಾಲ್ಕೈದು ಗಂಟೆ. ಎರಡನೇ ಸಲ ಗುಡ್ಡ ಹತ್ತುವುದು ತಪ್ಪುತ್ತದೆ, ಆದರೆ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ವಾಪಸು ಬರುವ ದಾರಿ ಪಶ್ಚಿಮದ ಕಡೆಗಿರುವುದರಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲೇ ಗುಡ್ಡ ಹತ್ತಿ ಮುಗಿಸಿ. ಚಿಕ್ಕ ಮಕ್ಕಳಿದ್ದರೆ ಈ ಸುತ್ತು ಬೇಡ.

ಪ್ರಶ್ನೆ: ಏನೇನು ಒಯ್ಯಬೇಕು?

ಉತ್ತರ: ನೀರು ಎಲ್ಲಕ್ಕಿಂತ ಮೊದಲು. ದಾರಿಯಲ್ಲಿ ಕುಡಿಯುವ ನೀರು ಸಿಗದು. ತಲೆಗೆ ಎರಡು ಲೀಟರ್ ಇರಲಿ, ಅದರಲ್ಲಿ ಅರ್ಧವನ್ನು ವಾಪಸಾತಿಗೆಂದೇ ತೆಗೆದಿಡಿ. ಕಲ್ಲುಮೆಟ್ಟಿಲುಗಳ ಮೇಲೆ ಉದುರಿರುವ ಗ್ರಾನೈಟಿನ ಸಣ್ಣ ಹರಳು ಇಳಿಯುವಾಗ ಕಾಲನ್ನು ಜಾರಿಸುತ್ತದೆ. ಚಪ್ಪಲಿ ನಡೆಯದು, ಹಿಡಿತವಿರುವ ಶೂ ಬೇಕು. ಡಿಸೆಂಬರ್ ಎಂದರೆ ಅಲ್ಲಿ ಬೇಸಿಗೆ. ಗಾಳಿ ತಣ್ಣಗಿದ್ದರೂ ಚರ್ಮ ಸುಡುತ್ತದೆ. ಟೋಪಿ, ಸನ್‌ಸ್ಕ್ರೀನ್ ಬಿಡಬೇಡಿ, ಒಂದು ಗಾಳಿ ಜಾಕೆಟ್ ಕೂಡ ಇರಲಿ. ಊಟಕ್ಕೆ ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಳ್ಳಿ. ವಾಲಬಿಗಳು (ಕಾಂಗರೂ ಜಾತಿಯ ಚಿಕ್ಕ ಪ್ರಾಣಿಗಳು) ಹತ್ತಿರ ಬಂದು ಕೈಯನ್ನೇ ನೋಡುತ್ತವೆ. ಮಕ್ಕಳು ಎಷ್ಟೇ ಕೇಳಿದರೂ ಒಂದು ಚೂರೂ ಹಾಕಬಾರದು. ನಮ್ಮ ಆಹಾರದಿಂದ ಅವುಗಳ ದವಡೆಗೆ ಸೋಂಕು ತಗಲಿ, ಕೊನೆಗೆ ತಿನ್ನಲಾಗದೆ ಸಾಯುತ್ತವೆ. ಬಾಳೆಹಣ್ಣಿನ ಸಿಪ್ಪೆಯನ್ನೂ ಚೀಲದಲ್ಲೇ ವಾಪಸು ತನ್ನಿ. ಶೌಚಾಲಯವನ್ನು ಪಾರ್ಕಿಂಗ್‌ನಲ್ಲೇ ಮುಗಿಸಿಕೊಳ್ಳಿ.

ಈಜುವ ಯೋಚನೆಯಿದ್ದರೆ, ಕಾವಲಿಗೆ ಲೈಫ್‌ಗಾರ್ಡ್ ಇಲ್ಲ, ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಅಲೆ ಜೋರಾಗಿದ್ದ ದಿನ ಮೊಣಕಾಲಿಗಿಂತ ಮುಂದೆ ಹೋಗಬೇಡಿ.

ಪ್ರಶ್ನೆ: ಹೋಬಾರ್ಟ್‌ನಿಂದ ಒಂದೇ ದಿನದಲ್ಲಿ ಮುಗಿಸಬಹುದೇ?

ಉತ್ತರ: ಮುಗಿಸಬಹುದು, ಆದರೆ ಹಿರಿಯರಿದ್ದಾಗ ಉದ್ಯಾನದ ಪಕ್ಕದ ಕೋಲ್ಸ್ ಬೇ ಊರಿನಲ್ಲಿ ಒಂದು ರಾತ್ರಿ ತಂಗುವುದೇ ಸರಿ. ಹೋಬಾರ್ಟ್‌ನಿಂದ ಒಂದು ಕಡೆಗೇ ಎರಡೂವರೆಯಿಂದ ಮೂರು ಗಂಟೆಯ ಡ್ರೈವ್. ರಜೆಯ ದಿನಗಳಲ್ಲಿ ಪಾರ್ಕಿಂಗ್ ಬೇಗ ತುಂಬುತ್ತದೆ, ಅಲ್ಲೇ ತಂಗಿದ್ದರೆ ಎಂಟು ಗಂಟೆಗೆ ಹತ್ತಲು ಶುರುಮಾಡಬಹುದು. ಪ್ರವೇಶ ಪಾಸ್ ವಾಹನಕ್ಕೆ ಲೆಕ್ಕ, ಎಂಟು ಜನರವರೆಗೆ ಒಂದೇ ಸಾಕು. ಬೇರೆ ಉದ್ಯಾನಗಳನ್ನೂ ನೋಡುವುದಿದ್ದರೆ ದಿನದ ಪಾಸ್ ಬದಲು ಎರಡು ತಿಂಗಳ ಹಾಲಿಡೇ ಪಾಸ್ ಲಾಭ. ಒಂದೇ ದಿನದಲ್ಲಿ ಮರಳುವುದೇ ಆದರೆ ಮುಸ್ಸಂಜೆಗೆ ಮೊದಲೇ ಹೋಬಾರ್ಟ್ ಸೇರುವಂತೆ ಹೊರಡಿ: ಕತ್ತಲಾಗುತ್ತಲೇ ವಾಲಬಿ, ಪಾಸಮ್‌ಗಳು ರಸ್ತೆಗೆ ಬರುತ್ತವೆ, ಬಾಡಿಗೆ ಕಾರಿನ ವಿಮೆ ಆ ಹೊತ್ತಿನ ಅಪಘಾತಕ್ಕೆ ಅನ್ವಯಿಸುತ್ತದೆಯೇ ಎಂದು ಕೀಲಿ ಪಡೆಯುವಾಗಲೇ ಕೇಳಿಕೊಳ್ಳಿ.