‘ಮಾಟ ತಗುಲಿದ ದೊರೆ’ ನಿಜಕ್ಕೂ ಅಷ್ಟು ದಡ್ಡನಿದ್ದನೇ?

ಪ್ರಶ್ನೆ: ‘ಮಾಟ ತಗುಲಿದ ದೊರೆ’ ಎನಿಸಿಕೊಂಡ ಸ್ಪೇನಿನ ಎರಡನೇ ಕಾರ್ಲೋಸ್ ಮಂದಬುದ್ಧಿಯವನು, ಸಾಮ್ರಾಜ್ಯ ಹಾಳಾದದ್ದೇ ಅವನಿಂದ ಎಂದು ಓದಿದ್ದೇನೆ. ಇದಕ್ಕೆಲ್ಲ ರಕ್ತಸಂಬಂಧದ ಮದುವೆ ಕಾರಣವಂತೆ. ನಮ್ಮಲ್ಲೂ ಅಕ್ಕನ ಮಗಳನ್ನು ತರುವ ರೂಢಿ ಇದೆಯಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ಮದುವೆಯ ಲೆಕ್ಕವನ್ನೇ ಮೊದಲು ನೋಡೋಣ. ಕಾರ್ಲೋಸನ ತಂದೆ ನಾಲ್ಕನೇ ಫಿಲಿಪ್, ತಾಯಿ ಮಾರಿಯಾನಾಗೆ ಸೋದರಮಾವ. ಆಕೆ ಅವನ ತಂಗಿಯ ಮಗಳು. ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಮಗುವಿಗೆ ಬಂದಿರುವ ಸಂಭವವನ್ನು ತಳಿವಿಜ್ಞಾನಿಗಳು ಅಳೆಯುತ್ತಾರೆ. ಸೋದರಮಾವ-ಸೋದರಸೊಸೆಯ ಮಗುವಿಗೆ ಅದು 0.125. ಕಾರ್ಲೋಸನಿಗೆ 2009ರ ಅಧ್ಯಯನವೊಂದು ಕೊಟ್ಟ ಅಂಕಿ 0.254, ಅಂದರೆ ಒಡಹುಟ್ಟಿದವರಿಗೆ ಹುಟ್ಟಿದ ಮಗುವಿನ ಮಟ್ಟ. ಹೆಚ್ಚಿನ ಅರ್ಧ ಎಲ್ಲಿಂದ ಬಂತು? ಮುತ್ತಜ್ಜ ಎರಡನೇ ಫಿಲಿಪ್ ಕೂಡ ತಂಗಿಯ ಮಗಳನ್ನೇ ಮದುವೆಯಾಗಿದ್ದ. ನಡುವಿನ ತಲೆಮಾರುಗಳಲ್ಲೂ ಸಂಬಂಧ ಸ್ಪೇನ್, ಆಸ್ಟ್ರಿಯಾ ಎರಡನ್ನೂ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದೊಳಗೇ ಸುತ್ತಿತು. ಒಂದು ಮದುವೆಗೂ ಇಂಥ ತಲೆಮಾರುಗಳ ಸರಪಳಿಗೂ ಅಂತರವಿದೆ. ಹಾಗೆಂದು ಒಂದೇ ಮದುವೆ ಪೂರ್ತಿ ನಿರಪಾಯ ಎಂದಲ್ಲ. ಮನೆತನದಲ್ಲಿ ಕಾಯಿಲೆಯಿದ್ದರೆ ಆನುವಂಶಿಕ ಸಲಹೆ ಪಡೆಯಲೇಬೇಕು.

ದೇಹ ದುರ್ಬಲವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮಾತು, ನಡಿಗೆ ತಡವಾಗಿ ಬಂದವು, ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ. ಆದರೆ ‘ದಡ್ಡ’ ಎಂಬುದನ್ನು ಬರೆದವರು ಯಾರು? ಬಹುಪಾಲು ರಾಯಭಾರಿಗಳು. ಪ್ಯಾರಿಸ್‌ಗೂ ವಿಯೆನ್ನಾಗೂ ಅವನ ಆಸ್ತಿಯ ಮೇಲೆ ಕಣ್ಣಿತ್ತು. ಅವನು ಇಂದೋ ನಾಳೆಯೋ ಸಾಯುತ್ತಾನೆ ಎಂದು ವರದಿ ಕಳಿಸುವುದೇ ಅವರ ಕೆಲಸ. 1700ರ ನಂತರ ಸ್ಪೇನಿನ ಗದ್ದುಗೆಗೆ ಬಂದ ಫ್ರಾನ್ಸಿನ ಬೋರ್ಬನ್ ಮನೆತನಕ್ಕೂ ಹಿಂದಿನದು ಕತ್ತಲೆ ಎನ್ನಿಸಿದಷ್ಟೂ ಲಾಭ. ಮರಣೋತ್ತರ ಪರೀಕ್ಷೆಯಲ್ಲಿ ಹೃದಯ ಕಾಳುಮೆಣಸಿನಷ್ಟಿತ್ತು, ಒಂದು ಹನಿ ರಕ್ತವಿರಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತದೆ. ಅಂಥ ಹೃದಯ ಹೊತ್ತು 38 ವರ್ಷ ಬದುಕುವುದಿರಲಿ, ಒಂದು ದಿನವೂ ಸಾಧ್ಯವಿಲ್ಲ.

ಪ್ರಶ್ನೆ: ಹಾಗಾದರೆ ಅವನ ಆಳ್ವಿಕೆಯಲ್ಲಿ ಒಳ್ಳೆಯದೇನು ನಡೆಯಿತು?

ಉತ್ತರ: ನಾಣ್ಯ ಸುಧಾರಣೆ. ಹಿಂದಿನ ಅರಸರು ಖರ್ಚು ತೂಗಿಸಲು ತಾಮ್ರದ ನಾಣ್ಯ ಸುರಿದಿದ್ದರು; ಬೆಲೆ ಏರಿತ್ತು, ಬೆಳ್ಳಿ ಪೇಟೆಯಿಂದ ಮಾಯವಾಗಿತ್ತು. 1680ರ ಫೆಬ್ರವರಿಯಲ್ಲಿ 8 ಮರವೇದಿಯ (ಆಗಿನ ಸ್ಪೇನಿನ ಚಿಲ್ಲರೆ ಹಣ) ನಾಣ್ಯದ ಬೆಲೆಯನ್ನು 2ಕ್ಕೆ ಇಳಿಸಲಾಯಿತು. ಕೈಯಲ್ಲಿ ತಾಮ್ರವಿದ್ದವರು ರಾತ್ರೋರಾತ್ರಿ ಆ ಹಣದ ಮುಕ್ಕಾಲು ಬೆಲೆ ಕಳೆದುಕೊಂಡರು, ವ್ಯಾಪಾರ ಕೆಲಕಾಲ ನಿಂತೇಹೋಯಿತು. 1686ರಲ್ಲಿ ಬೆಳ್ಳಿಯ ದರವನ್ನೂ ಸರಿಪಡಿಸಿದ ಮೇಲೆ ಸ್ಪೇನಿನ ಮುಖ್ಯ ರಾಜ್ಯವಾದ ಕ್ಯಾಸ್ಟೀಲ್‌ನ ಹಣ ದಶಕಗಳ ಕಾಲ ಅಲುಗಾಡಲಿಲ್ಲ. ಯೋಜನೆ ಮಂತ್ರಿಗಳದು, ನಿಜ. ಆದರೆ ಆ ಕಾಲದ ಯಾವ ದೊರೆ ತಾನೇ ಕೂತು ಲೆಕ್ಕ ಬರೆದ? ಹೊಗಳುವ ಭರದಲ್ಲಿ ಇದನ್ನೂ ಮರೆಯಬಾರದು: ಅದೇ 1680ರ ಜೂನ್ 30ರಂದು ಮ್ಯಾಡ್ರಿಡ್‌ನ ಪ್ಲಾಸಾ ಮಯೋರ್‌ನಲ್ಲಿ ಇನ್‌ಕ್ವಿಸಿಷನ್‌ನ (ಮತದ್ರೋಹಿಗಳನ್ನು ವಿಚಾರಿಸುವ ಧಾರ್ಮಿಕ ನ್ಯಾಯಾಲಯ) ಭಾರೀ ಶಿಕ್ಷೆ ಘೋಷಣೆಯ ಸಮಾರಂಭ ನಡೆದಾಗ ಅವನು ಎದುರಿಗೇ ಕುಳಿತಿದ್ದ.

ಪ್ರಶ್ನೆ: ಉಯಿಲು ಬರೆದು ಯುರೋಪಿಗೆ ಯುದ್ಧ ಹಚ್ಚಿದ್ದು ಅವನೇ ಅಲ್ಲವೇ?

ಉತ್ತರ: ಉಯಿಲನ್ನು ಓದಿದರೆ ಹಾಗೆ ಅನ್ನಿಸುವುದಿಲ್ಲ. ಫ್ರಾನ್ಸ್, ಇಂಗ್ಲೆಂಡ್, ಡಚ್ಚರು ಅವನು ಬದುಕಿರುವಾಗಲೇ 1698ರಲ್ಲೂ 1700ರಲ್ಲೂ ಅವನ ರಾಜ್ಯವನ್ನು ಕಾಗದದ ಮೇಲೆ ಹಂಚಿಕೊಂಡಿದ್ದರು. ಅವನಿಗಿದ್ದ ಹಟ ಒಂದೇ, ರಾಜ್ಯ ಒಡೆಯಬಾರದು. ಉತ್ತರಾಧಿಕಾರಿಯೆಂದು ಮೊದಲು ಆರಿಸಿದ ಬವೇರಿಯಾದ ಬಾಲ ರಾಜಕುಮಾರ 1699ರಲ್ಲಿ ತೀರಿಕೊಂಡ. ಆಗ, ಹೆಂಡತಿ ಆಸ್ಟ್ರಿಯಾದ ಪರ ಹಟ ಹಿಡಿದಿದ್ದರೂ, 1700ರ ಅಕ್ಟೋಬರ್ 3ರಂದು ಎಲ್ಲವನ್ನೂ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಮೊಮ್ಮಗ ಫಿಲಿಪ್‌ಗೆ ಬರೆದ: ಇಡೀ ರಾಜ್ಯ ಕಾಯುವ ಸೈನ್ಯವಿದ್ದದ್ದು ಲೂಯಿಗೆ ಮಾತ್ರ. ಎರಡು ಕಿರೀಟ ಒಂದೇ ತಲೆಗೆ ಸೇರಬಾರದು ಎಂಬ ಷರತ್ತಿತ್ತು. ಫ್ರಾನ್ಸ್ ಒಲ್ಲೆನೆಂದರೆ ಆಸ್ತಿ ಕೊನೆಗೆ ಆಸ್ಟ್ರಿಯಾಕ್ಕೆ ಹೋಗುವಂತೆಯೂ ಬರೆದಿದ್ದ. ಹೀಗಾಗಿ ಲೂಯಿಗೆ ಬೇಡವೆನ್ನುವ ದಾರಿಯೇ ಇರಲಿಲ್ಲ. ಕೆಟ್ಟದ್ದು ಆಮೇಲೆ. ಫ್ರೆಂಚ್ ಸಿಂಹಾಸನದ ಮೇಲೆ ಮೊಮ್ಮಗನಿಗಿದ್ದ ಹಕ್ಕನ್ನೂ ಲೂಯಿ ಉಳಿಸಿಕೊಂಡ, 1701ರಲ್ಲಿ ಸ್ಪೇನಿನ ಅಧೀನದ ನೆದರ್ಲೆಂಡ್ಸ್‌ನ (ಬಹುಪಾಲು ಇಂದಿನ ಬೆಲ್ಜಿಯಂ) ಗಡಿಕೋಟೆಗಳಿಗೆ ಸೈನ್ಯ ನುಗ್ಗಿಸಿದ. ಆ ಹೊತ್ತಿಗೆ ಕಾರ್ಲೋಸ್ ಸತ್ತು ತಿಂಗಳುಗಳಾಗಿದ್ದವು.