ಇದ್ದಿಲು ಗ್ರಿಲ್‌ನಲ್ಲಿ ದಪ್ಪ ಸ್ಟೇಕ್ ಹೊರಗೆ ಸುಟ್ಟು ಹೋಗುತ್ತೆ, ಒಳಗೆ ಹಸಿ ಉಳಿಯುತ್ತೆ, ಏನ್ ಮಾಡೋದು?

ರಿವರ್ಸ್ ಸಿಯರ್ ಮಾಡಿ, ಅಂದ್ರೆ ಮೊದಲು ನಿಧಾನಕ್ಕೆ ಬೇಯಿಸಿ ಕೊನೇಲಿ ಜೋರು ಬೆಂಕಿ ಕೊಡೋದು. ಒಂದೂವರೆ ಇಂಚಿಗಿಂತ ದಪ್ಪ ಇದ್ರೆ ಮಾತ್ರ, ತೆಳ್ಳಗಿರೋದಕ್ಕೆ ಇದು ಬೇಡ.

ಉರಿಯೋ ಇದ್ದಿಲೆಲ್ಲಾ ಒಂದೇ ಪಕ್ಕಕ್ಕೆ ತಳ್ಳಿ, ಉಪ್ಪು ಹಚ್ಚಿದ ಮಾಂಸನ ಇನ್ನೊಂದು ಪಕ್ಕ ಇಟ್ಟು ಮುಚ್ಚಳ ಹಾಕಿ, ಗಾಳಿ ಕಿಂಡಿ ಅಡ್ಜಸ್ಟ್ ಮಾಡ್ತಾ ಗ್ರಿಲ್ ಒಳಗಿನ ಶಾಖ ಸುಮಾರು 110-120 ಡಿಗ್ರಿ ಸೆಲ್ಸಿಯಸ್ ಇರೋ ಹಾಗೆ ನೋಡ್ಕೊಳ್ಳಿ. ಟೈಮ್ ನಂಬಬೇಡಿ, ಥರ್ಮಾಮೀಟರ್ ನಂಬಿ, ಇದೊಂದು ವಿಷಯದಲ್ಲಿ ನಾನು ರಾಜಿನೇ ಆಗಲ್ಲ. ಮೀಡಿಯಮ್ ರೇರ್ (ಒಳಗೆ ಗುಲಾಬಿ ಬಣ್ಣ ಉಳಿಯೋ ಹಾಗೆ ಅರೆಬೆಂದದ್ದು) ಬೇಕಂದ್ರೆ ಮಾಂಸದ ಮಧ್ಯಭಾಗ 46-48 ಡಿಗ್ರಿಗೆ ಬಂದಾಗ ತೆಗೆದಿಡಿ.

ಆಮೇಲೆ ಕಿಂಡಿ ಪೂರ್ತಿ ತೆರೆದು, ಬೇಕಾದ್ರೆ ಇನ್ನೊಂದಿಷ್ಟು ಇದ್ದಿಲು ಹಾಕಿ, ಕೆಂಡ ನಿಗಿನಿಗಿ ಅಂದಾಗ ಅದರ ಮೇಲೇ ಇಟ್ಟು ಪ್ರತಿ ಬದಿ ಒಂದು ನಿಮಿಷದಷ್ಟು ಸುಡಿ, ಕೊಬ್ಬು ತೊಟ್ಟಿಕ್ಕಿ ಉರಿ ಎದ್ರೆ ತಕ್ಷಣ ಪಕ್ಕಕ್ಕೆ ಸರಿಸಿ. ಕೊನೆಗೆ ಮಧ್ಯಭಾಗ 54 ಡಿಗ್ರಿ ಹತ್ರ ಬರುತ್ತೆ.

ನಿಧಾನಕ್ಕೆ ಬೇಯೋವಾಗ ಮೇಲ್ಮೈ ಚೆನ್ನಾಗಿ ಒಣಗಿರುತ್ತೆ, ನೀರು ಆರಿಸೋಕೆ ಶಾಖ ವೇಸ್ಟ್ ಆಗಲ್ಲ, ಹಂಗಾಗಿ ಬೇಗ ಕಂದು ಬಣ್ಣ ಬರುತ್ತೆ, ಒಳಗೆ ಅಂಚಿನಿಂದ ಅಂಚಿಗೆ ಒಂದೇ ಸಮ ಗುಲಾಬಿ ಬಣ್ಣ.