ಯುಲಿಮಿಟ್ ಹಾಕಿದರೂ ಪೈಥಾನ್ ಸ್ಕ್ರಿಪ್ಟ್ ಪೂರ್ತಿ ರ‍್ಯಾಮ್ ನುಂಗುತ್ತಿದೆ, ಏನು ಮಾಡಲಿ?

ಉಬುಂಟು, 8 ಜಿಬಿ ರ‍್ಯಾಮ್, ದೊಡ್ಡ ಸಿಎಸ್‌ವಿ ಫೈಲ್ ಓದುವ ಸ್ಕ್ರಿಪ್ಟ್, ಓಡಿಸಿದರೆ ಮೌಸ್ ಕೂಡ ಅಲ್ಲಾಡಲ್ಲ ಅಂತೀರಿ. ಪ್ರೋಗ್ರಾಂಗಳು ಎಷ್ಟು ಬಳಸಬಹುದು ಅಂತ ಮಿತಿ ಹಾಕುವ ಯುಲಿಮಿಟ್ ಕಮಾಂಡ್‌ಗೆ ‘ಎಂ’ (-m) ಆಪ್ಷನ್ ಕೊಟ್ಟು 2 ಜಿಬಿ ಮಿತಿ ಹಾಕಿದ್ದೀರಿ. ಎರರ್ ಬರಲಿಲ್ಲ, ಉಪಯೋಗವೂ ಆಗಲಿಲ್ಲ.

ಆಗೋದೂ ಇಲ್ಲ. ಆ ಆಪ್ಷನ್ ಈಗಿನ ಲಿನಕ್ಸ್ ಕರ್ನಲ್‌ನಲ್ಲಿ (ಸಿಸ್ಟಮ್ ನಡೆಸುವ ತಿರುಳು) ಸುಮ್ನೆ ಹೆಸರಿಗೆ ಮಾತ್ರ ಇದೆ. ಸಂಖ್ಯೆ ಕೊಟ್ಟರೆ ತೆಗೆದುಕೊಳ್ಳುತ್ತದೆ, ಕೇಳಿದರೆ ತೋರಿಸುತ್ತದೆ, ಆದರೆ ಜಾರಿ ಮಾಡುವುದಿಲ್ಲ. ಇಂಥದ್ದನ್ನು ತೆಗೆದುಹಾಕಬಾರದಾ ಅಂತ ನನಗೂ ಎಷ್ಟೋ ಸಲ ಅನಿಸಿದೆ.

ಕೆಲಸ ಮಾಡೋದು ‘ವಿ’ (-v) ಆಪ್ಷನ್. ಬ್ಯಾಷ್‌ನಲ್ಲಿ ಅದರ ಲೆಕ್ಕ ಕೆಬಿಯಲ್ಲಿ, ಅಂದರೆ 2 ಜಿಬಿಗೆ 2097152 ಅಂತ ಕೊಡಬೇಕು. ಯುಲಿಮಿಟ್ ಮತ್ತು ಪೈಥಾನ್ ಕಮಾಂಡ್ ಎರಡನ್ನೂ ಒಂದೇ ದುಂಡು ಬ್ರಾಕೆಟ್ ಒಳಗೆ ಹಾಕಿ ಓಡಿಸಿ. ಇಲ್ಲದಿದ್ದರೆ ಆ ಟರ್ಮಿನಲ್‌ಗೇ ಮಿತಿ ಅಂಟಿಕೊಳ್ಳುತ್ತದೆ, ಮತ್ತೆ ಏರಿಸೋಣ ಅಂದರೆ ರೂಟ್ (ಅಡ್ಮಿನ್) ಅಧಿಕಾರ ಬೇಕು. ಮಿತಿ ದಾಟಿದಾಗ ಕರ್ನಲ್ ಮೆಮೊರಿ ಕೊಡಲ್ಲ ಅನ್ನುತ್ತದೆ, ಪೈಥಾನ್ ‘ಮೆಮೊರಿ ಎರರ್’ ಎಸೆಯುತ್ತದೆ.

ಆದರೆ ಇಲ್ಲೊಂದು ಕಿರಿಕಿರಿ ಇದೆ. ‘ವಿ’ ಎಣಿಸೋದು ಪ್ರೋಗ್ರಾಂ ನಿಜವಾಗಿ ಬಳಸಿದ ರ‍್ಯಾಮ್ ಅಲ್ಲ, ಅದು ಕಾದಿರಿಸಿಕೊಂಡ ವಿಳಾಸದ ಜಾಗ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಆ ಸೀಟೂ ಲೆಕ್ಕಕ್ಕೆ ಬರುತ್ತದೆ, ಯಾರೂ ಕೂತಿರದಿದ್ದರೂ! ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಓಡುವ ಪ್ರತಿ ತ್ರೆಡ್ಡೂ ಮಾಮೂಲಿಯಾಗಿ 8 ಎಂಬಿ ಸ್ಟ್ಯಾಕ್ ಹಿಡಿದುಕೊಳ್ಳುತ್ತದೆ, ಅದರಲ್ಲಿ ಮುಟ್ಟೋದು ಸ್ವಲ್ಪವೇ. /proc ಫೋಲ್ಡರ್ ಒಳಗೆ ನಿಮ್ಮ ಪ್ರೋಸೆಸ್ ನಂಬರಿನ ಫೋಲ್ಡರ್‌ನಲ್ಲಿ ‘ಸ್ಟೇಟಸ್’ ಫೈಲ್ ತೆರೆದು ನೋಡಿ: ವಿಎಂಸೈಜ್ ಹಿಡಿದಿಟ್ಟಿದ್ದು, ವಿಎಂಆರ್‌ಎಸ್‌ಎಸ್ ನಿಜವಾಗಿ ರ‍್ಯಾಮಿನಲ್ಲಿ ಕೂತಿದ್ದು. ಜಾವಾ, ಕ್ರೋಮ್ ಥರದವುಗಳಲ್ಲಿ ಎರಡರ ನಡುವೆ ಅಜಗಜಾಂತರ. ಅವಕ್ಕೆ ‘ವಿ’ ಹಾಕಿದರೆ ಶುರುವಾಗುವ ಮೊದಲೇ ಬಿದ್ದುಹೋಗಬಹುದು. ಇನ್ನೊಂದು ತೊಂದರೆ ಅಂದ್ರೆ, ಈ ಮಿತಿ ಒಂದೊಂದು ಪ್ರೋಸೆಸ್‌ಗೆ ಬೇರೆ ಬೇರೆ. ನಿಮ್ಮ ಸ್ಕ್ರಿಪ್ಟ್ ಮಲ್ಟಿಪ್ರೋಸೆಸಿಂಗ್‌ನಲ್ಲಿ 4 ಮರಿ ಪ್ರೋಸೆಸ್ ಹಾಕಿದರೆ, ನಾಲ್ಕಕ್ಕೂ ತಲಾ 2 ಜಿಬಿ. ಮುಗೀತು ಕಥೆ.

ಹಾಗಾಗಿ ನಾನು ಹೇಳೋದು ಸಿಗ್ರೂಪ್ (ಪ್ರೋಸೆಸ್‌ಗಳ ಗುಂಪಿಗೇ ಮಿತಿ ಹಾಕುವ ಕರ್ನಲ್ ಸೌಲಭ್ಯ) ಬಳಸಿ ಅಂತ. ಅದು ನಿಜವಾಗಿ ಬಳಸಿದ ಮೆಮೊರಿಯನ್ನು ಎಣಿಸುತ್ತದೆ, ಅದೂ ಮರಿಗಳನ್ನೆಲ್ಲ ಸೇರಿಸಿ. ಕೈಯಾರೆ ಫೋಲ್ಡರ್ ಮಾಡಿ ಬರೆಯೋ ಗೋಜು ಬೇಡ. ‘ಸಿಸ್ಟಮ್‌ಡಿ-ರನ್’ ಕಮಾಂಡ್‌ಗೆ ಯೂಸರ್ ಮತ್ತು ಸ್ಕೋಪ್ ಆಪ್ಷನ್ ಕೊಡಿ, ಪ್ರಾಪರ್ಟಿಯಾಗಿ ‘ಮೆಮೊರಿಮ್ಯಾಕ್ಸ್’ಗೆ 2ಜಿ, ‘ಮೆಮೊರಿಸ್ವಾಪ್‌ಮ್ಯಾಕ್ಸ್’ಗೆ 0 ಹಾಕಿ, ಕೊನೆಗೆ ನಿಮ್ಮ ಪೈಥಾನ್ ಕಮಾಂಡ್. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಮಿತಿಯನ್ನು ಮರೆಯಬೇಡಿ. ಅದಿಲ್ಲದಿದ್ದರೆ ಸ್ಕ್ರಿಪ್ಟ್ 2 ಜಿಬಿ ಮುಟ್ಟಿದ ಮೇಲೆ ಸ್ವಾಪ್‌ಗೆ ನುಗ್ಗುತ್ತದೆ, ಡಿಸ್ಕ್ ಒದ್ದಾಡುತ್ತದೆ, ನಿಮ್ಮ ಮೌಸ್ ನಿಂತುಹೋಗೋದೂ ಹೆಚ್ಚಾಗಿ ಇದರಿಂದಲೇ.

ಒಂದು ವ್ಯತ್ಯಾಸ ಗೊತ್ತಿರಲಿ. ಇಲ್ಲಿ ಮಿತಿ ಮೀರಿದರೆ ‘ಮೆಮೊರಿ ಎರರ್’ ಬರಲ್ಲ, ಮೆಮೊರಿ ಸಾಲದಾಗ ಪ್ರೋಸೆಸ್ ಕೊಲ್ಲುವ ಕರ್ನಲ್‌ನ ಓಓಎಂ ಕಿಲ್ಲರ್ ಬಂದು ನೇರ ಸಾಯಿಸುತ್ತದೆ. ಟರ್ಮಿನಲ್‌ನಲ್ಲಿ ಬರೀ ‘ಕಿಲ್ಡ್’ ಅಂತ ಕಾಣುತ್ತದೆ, ಎಕ್ಸಿಟ್ ಕೋಡ್ 137. ಟ್ರೈ-ಎಕ್ಸೆಪ್ಟ್‌ನಲ್ಲಿ ಹಿಡಿಯೋಕೆ ಆಗಲ್ಲ, ಆದ್ದರಿಂದ ಅರ್ಧ ಆದ ಕೆಲಸವನ್ನು ಆಗಾಗ ಸೇವ್ ಮಾಡುತ್ತಿರಿ. ಪಾಂಡಾಸ್ ಲೈಬ್ರರಿಯಲ್ಲಿ ಓದುತ್ತಿದ್ದರೆ ‘ಚಂಕ್‌ಸೈಜ್’ ಕೊಟ್ಟು ತುಂಡು ತುಂಡಾಗಿ ಓದಿ, ಬಹುಶಃ 2 ಜಿಬಿ ಒಳಗೇ ಮುಗಿಯುತ್ತದೆ.